ಸ್ಥಳೀಯ ಕಲಾವಿದರ ಸರದಿ ಪ್ರದರ್ಶನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಸಮುದಾಯ ಕಲಾ ಗ್ಯಾಲರಿಯಲ್ಲಿ ಜಿಲ್ಲೆಯ ಕಲಾವಿದರ ಕೃತಿಗಳು ತಿಂಗಳಿಗೊಮ್ಮೆ ಬದಲಾಗುತ್ತ ಪ್ರದರ್ಶನಗೊಳ್ಳುತ್ತವೆ. ಅರ್ಜಿ ಹಾಕಬೇಕೆಂದಿರುವ ಕಲಾವಿದರೂ ನೋಡಲು ಬರುವ ಊರಿನವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಕೃತಿಗಳನ್ನು ತರುವ ಮುನ್ನ ಚೌಕಟ್ಟು, ಬೆಲೆ ಮತ್ತು ಹಕ್ಕುಸ್ವಾಮ್ಯದ ಕುರಿತ ಉತ್ತರಗಳನ್ನು ಕಲಾವಿದರು ತಪ್ಪದೆ ಓದಬೇಕೆಂದು ಕೋರುತ್ತೇವೆ.

ಪ್ರತಿ ತಿಂಗಳು ಕೃತಿಗಳನ್ನು ಏಕೆ ಬದಲಿಸುತ್ತೀರಿ? ಒಳ್ಳೆಯ ಚಿತ್ರಗಳನ್ನು ಕಾಯಂ ಆಗಿ ಇಡಬಾರದೇ?

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಎಲ್ಲರಿಗೂ ಅರ್ಥವಾಗುವಂಥದ್ದು. ನಮ್ಮಲ್ಲಿರುವುದು ಒಂದೇ ಸಭಾಂಗಣ; ಜಿಲ್ಲೆಯಲ್ಲಿ ಚಿತ್ರ ಬರೆಯುವವರು, ಶಿಲ್ಪ ಕಡೆಯುವವರು, ನೇಯುವವರು, ಕಸೂತಿ ಹಾಕುವವರು ಆ ಗೋಡೆಗಳಿಗೆ ಹಿಡಿಸಲಾರದಷ್ಟು ಮಂದಿ ಇದ್ದಾರೆ. ಕೆಲವರ ಕೃತಿಗಳು ಅಲ್ಲಿಯೇ ಬೇರೂರಿದರೆ ಉಳಿದವರ ಸರದಿ ಎಂದಿಗೂ ಬರುವುದಿಲ್ಲ. ನೋಡುವವರ ಮಾತೂ ಅಷ್ಟೇ: ಗೋಡೆ ಬದಲಾಗದಿದ್ದರೆ ಒಮ್ಮೆ ಬಂದವರು ಎರಡನೆಯ ಸಲ ಬರುವುದಕ್ಕೆ ಕಾರಣವಿರುವುದಿಲ್ಲ.

ಎರಡನೆಯ ಕಾರಣ ಬೆಳಕು. ಬೆಳಕಿಲ್ಲದೆ ಚಿತ್ರ ಕಾಣುವುದಿಲ್ಲ, ಆದರೆ ಅದೇ ಬೆಳಕು ಬಣ್ಣವನ್ನು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಮಾಸಿಸುತ್ತದೆ, ಮತ್ತು ಹಾಗೆ ಮಾಸಿದ ಬಣ್ಣ ಚಿತ್ರವನ್ನು ಕತ್ತಲೆಯಲ್ಲಿಟ್ಟ ಮಾತ್ರಕ್ಕೆ ಮರಳಿ ಬರುವುದಿಲ್ಲ. ವಸ್ತುಸಂಗ್ರಹಾಲಯಗಳು ಅನುಸರಿಸುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಜಲವರ್ಣ, ಕಾಗದದ ಮೇಲಿನ ಚಿತ್ರ ಮತ್ತು ಬಟ್ಟೆಯ ಕೃತಿಗಳ ಮೇಲೆ ಬೀಳುವ ಬೆಳಕು 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಪ್ರಮಾಣದ ಅಳತೆ) ಮೀರಬಾರದು. ಬಹಳ ಸೂಕ್ಷ್ಮವಾದ ಬಣ್ಣಗಳಿಗೆ ಇಡೀ ವರ್ಷದ ಮಿತಿ 15,000 ಲಕ್ಸ್-ಗಂಟೆಗಳು, ಅಂದರೆ ಲಕ್ಸ್ ಅನ್ನು ಬೆಳಕು ಬಿದ್ದ ಗಂಟೆಗಳಿಂದ ಗುಣಿಸಿದ ಮೊತ್ತ. ನಮ್ಮ ಗ್ಯಾಲರಿ ದಿನಕ್ಕೆ ಆರು ಗಂಟೆಗಳಂತೆ, ಸೋಮವಾರದ ರಜೆ ಕಳೆದು ತಿಂಗಳಿಗೆ ಸುಮಾರು 26 ದಿನ ತೆರೆದಿರುತ್ತದೆ. ಅಂದರೆ 50 ಲಕ್ಸ್ ಬೆಳಕಿನಲ್ಲಿ ಒಂದು ತಿಂಗಳಿಗೆ 7,800 ಲಕ್ಸ್-ಗಂಟೆಗಳಾಗುತ್ತವೆ. ಒಂದೇ ತಿಂಗಳಲ್ಲಿ ವರ್ಷದ ಪಾಲಿನ ಅರ್ಧಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಎರಡನೆಯ ತಿಂಗಳೂ ಅದೇ ಚಿತ್ರವನ್ನು ತೂಗುಹಾಕಿದರೆ ಮಿತಿ ದಾಟುತ್ತದೆ. ಆದ್ದರಿಂದಲೇ ಕಾಗದ ಮತ್ತು ಬಟ್ಟೆಯ ಯಾವ ಕೃತಿಯನ್ನೂ ನಾವು ಒಂದು ವರ್ಷದೊಳಗೆ ಎರಡನೆಯ ಸಲ ಪ್ರದರ್ಶನಕ್ಕೆ ತೆಗೆದುಕೊಳ್ಳುವುದಿಲ್ಲ.

ಬಣ್ಣ ಮಾಸುವುದೆಂದರೇನು ಎಂಬುದನ್ನು ನಮ್ಮ ಜಿಲ್ಲೆಯವರಿಗೆ ದೂರದ ಉದಾಹರಣೆ ಕೊಟ್ಟು ಹೇಳಬೇಕಾಗಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಚಾಲುಕ್ಯ ಮಂಗಳೇಶ ಕೊರೆಸಿದ ಆ ಗುಹೆಯಲ್ಲಿ ವರ್ಣಚಿತ್ರಗಳೂ ಇದ್ದವು. ಶತಮಾನಗಳ ಕಾಲ ತೆರೆದ ಗಾಳಿ, ಬೆಳಕು, ತೇವಗಳಿಗೆ ಮೈಯೊಡ್ಡಿದ ಆ ಚಿತ್ರಗಳಲ್ಲಿ ಇಂದು ಉಳಿದಿರುವುದು ಚಾಚುಛಾವಣಿಯ ಒಳಮೈಯಲ್ಲಿ ಕಷ್ಟಪಟ್ಟು ಗುರುತಿಸಬೇಕಾದ ತುಣುಕುಗಳು ಮಾತ್ರ. ಅದೇ ಗುಹೆಯ ಶಿಲ್ಪಗಳು ಇನ್ನೂ ಎದ್ದು ನಿಂತಂತಿವೆ. ಕಲ್ಲಿಗೂ ಬಣ್ಣಕ್ಕೂ ಇರುವ ಈ ಅಂತರವನ್ನು ಒಮ್ಮೆ ಅಲ್ಲಿ ನಿಂತು ನೋಡಿದವರು ನಮ್ಮ ಒಂದು ತಿಂಗಳ ನಿಯಮವನ್ನು ಮತ್ತೆ ಪ್ರಶ್ನಿಸಲಾರರು.

ಸ್ಥಳೀಯ ಕಲಾವಿದರು ಎಂದರೆ ಯಾರು?

ಬಾಗಲಕೋಟೆ ಜಿಲ್ಲೆಯಲ್ಲಿ ವಾಸಿಸುವವರು, ಇಲ್ಲಿ ಹುಟ್ಟಿ ಬೆಳೆದು ಬೇರೆ ಊರಿನಲ್ಲಿ ನೆಲೆಸಿದವರು, ಬೇರೆ ಕಡೆಯಿಂದ ಬಂದು ಇಲ್ಲಿ ಕೆಲಸ ಮಾಡುತ್ತಿರುವವರು, ಮೂವರೂ ಸ್ಥಳೀಯರೇ. ನೆರೆಯ ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳ ಕಲಾವಿದರು ಸಮೂಹ ಪ್ರದರ್ಶನಗಳಲ್ಲಿ ಭಾಗವಹಿಸಬಹುದು. 1997ರವರೆಗೆ ನಮ್ಮ ಜಿಲ್ಲೆ ವಿಜಯಪುರದ ಭಾಗವೇ ಆಗಿದ್ದುದರಿಂದ, ಈ ಗಡಿಯನ್ನು ನಾವು ಬಿಗಿಯಾಗಿ ಎಳೆದಿಲ್ಲ.

ಚಿತ್ರಕಲೆಯ ಡಿಪ್ಲೊಮಾ ಅಥವಾ ಪದವಿ ಇರಲೇಬೇಕೇ?

ಬೇಕಿಲ್ಲ. ಅರ್ಜಿಯಲ್ಲಿ ವಿದ್ಯಾರ್ಹತೆಯ ಕಾಲಮ್ಮೇ ಇಲ್ಲ.

ಕ್ಯಾನ್ವಾಸ್ ಚಿತ್ರಗಳನ್ನು ಬಿಟ್ಟು ಬೇರೆ ಏನನ್ನು ಪ್ರದರ್ಶಿಸುತ್ತೀರಿ?

ಕೈಯಿಂದ ಮಾಡಿದ, ಮಾಡಿದವರ ಹೆಸರು ಹೇಳಬಹುದಾದ ಎಲ್ಲ ಕೃತಿಗಳಿಗೂ ಇಲ್ಲಿ ಜಾಗವಿದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಇಳಕಲ್ಲಿನ ನೇಕಾರರು, ಗುಳೇದಗುಡ್ಡದಲ್ಲಿ ಖಣ (ರವಿಕೆಯ ಬಟ್ಟೆ) ನೇಯುವವರು, ಮನೆಯಲ್ಲಿ ಕಸೂತಿ ಹಾಕುವ ಹೆಣ್ಣುಮಕ್ಕಳು, ನಾಟಕ ಕಂಪನಿಗಳಿಗೆ ಪರದೆ ಬರೆಯುವವರು, ಅಂಗಡಿಗಳ ಫಲಕ ಬರೆಯುವವರು ತಮ್ಮನ್ನು ಕಲಾವಿದರೆಂದು ಕರೆದುಕೊಳ್ಳಲು ಹಿಂಜರಿಯುತ್ತಾರೆ, ಹೀಗಾಗಿ ಅರ್ಜಿ ಹಾಕುವುದೇ ಇಲ್ಲ. ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಆದರೆ ಆ ಮಾನ್ಯತೆ ಊರಿನ ಹೆಸರಿನಲ್ಲಿದೆ, ನೇಯ್ದ ವ್ಯಕ್ತಿಯ ಹೆಸರು ಸೀರೆಯ ಮೇಲೆಲ್ಲೂ ಇರುವುದಿಲ್ಲ. ನಮ್ಮ ಗೋಡೆಯ ಮೇಲೆ ಆ ಹೆಸರು ಇರಬೇಕು ಎಂಬುದು ನಮ್ಮ ಆಸೆ.

ಒಂದೊಂದು ಮಾಧ್ಯಮಕ್ಕೂ ಅದರದೇ ರೀತಿಯ ಪ್ರದರ್ಶನ ಬೇಕಾಗುತ್ತದೆ. ಕಸೂತಿಯನ್ನೇ ನೋಡಿ. ಬಟ್ಟೆಯ ಮೇಲೆ ಮೊದಲು ಗೀಟು ಹಾಕಿಕೊಳ್ಳದೆ, ಎಳೆ ಎಣಿಸುತ್ತ ಹಾಕುವ ಗವಂತಿ ಮತ್ತು ಮುರಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಗಳಲ್ಲಿ ಒಂದೇ ತೆರನಾಗಿ ಕಾಣುತ್ತವೆ. ಎಲ್ಲಿಯೂ ಗಂಟು ಕಾಣಬಾರದು. ಅಂಥ ಬಟ್ಟೆಯನ್ನು ಗೋಡೆಗೆ ಅಂಟಿಸಿದಂತೆ ತೂಗುಹಾಕಿದರೆ ಆ ಕೈಚಳಕದ ಅರ್ಧವನ್ನೇ ಮುಚ್ಚಿಟ್ಟಂತಾಗುತ್ತದೆ. ಆದ್ದರಿಂದ ಕಸೂತಿಯ ಕೃತಿಗಳನ್ನು ಸಭಾಂಗಣದ ನಡುವೆ, ಸುತ್ತಲೂ ನಡೆದು ನೋಡುವಂತೆ ಇಳಿಬಿಡುತ್ತೇವೆ. ಇಳಕಲ್ ಸೀರೆಯಲ್ಲಿ ಮೈಯ ಹಾಸನ್ನೂ (ಉದ್ದದ ಎಳೆಗಳನ್ನೂ) ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುವ ಜಾಗವೇ ನೇಕಾರರ ಕೌಶಲ ಕಾಣುವ ಜಾಗ. ಸೀರೆಯನ್ನು ಮಡಿಸಿಟ್ಟರೆ ಅದು ಕಾಣುವುದಿಲ್ಲ. ಸೆರಗು ಬಿಚ್ಚಿ, ಕೊಂಡಿಯ ಸಾಲು ಕಣ್ಣಿನ ಮಟ್ಟಕ್ಕೆ ಬರುವಂತೆ ಕೋಲಿನ ಮೇಲೆ ಹಾಸುತ್ತೇವೆ. ಚಿಕ್ಕಿ, ಗೋಮಿ, ಪರಾಸ್ ಎಂದು ದಡಿಯ ಬಗೆಯನ್ನೂ ಫಲಕದಲ್ಲಿ ಬರೆಯುತ್ತೇವೆ.

ನಾಟಕದ ಪರದೆಗಳ ಕಷ್ಟ ಬೇರೆ. ಪುಡಿಬಣ್ಣಕ್ಕೆ ಅಂಟು ಬೆರೆಸಿ ಬರೆದ ಹಳೆಯ ಪರದೆಗಳನ್ನು ಮಡಿಸಿದರೆ ಮಡಿಕೆಯ ಉದ್ದಕ್ಕೂ ಬಣ್ಣ ಉದುರುತ್ತದೆ. ಅಂಥ ಪರದೆ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಮಡಿಸಬೇಡಿ. ಬಣ್ಣದ ಮೈ ಹೊರಗೆ ಬರುವಂತೆ ದಪ್ಪನೆಯ ಕೊಳವೆಗೆ ಸುತ್ತಿ, ಮೇಲೆ ಒಗೆದ ಹತ್ತಿಬಟ್ಟೆ ಹೊದಿಸಿ ತನ್ನಿ.

ಕಲಾವಿದರನ್ನು ಹೇಗೆ ಆಯ್ಕೆ ಮಾಡುತ್ತೀರಿ?

ಐವರು ಸದಸ್ಯರ ಸಮಿತಿಯು ಅರ್ಜಿಗಳನ್ನು ಪರಿಶೀಲಿಸುತ್ತದೆ. ಅವರಲ್ಲಿ ಇಬ್ಬರು ಕಲಾವಿದರಲ್ಲ, ನೋಡುವ ಹವ್ಯಾಸವುಳ್ಳ ಊರಿನವರು. ಸದಸ್ಯರ ಬಂಧುಗಳ ಅಥವಾ ಶಿಷ್ಯರ ಅರ್ಜಿ ಬಂದಾಗ ಆ ಸದಸ್ಯರು ಚರ್ಚೆಯಿಂದ ಹೊರಗುಳಿಯುತ್ತಾರೆ. ಈ ಹಿಂದೆ ನಮ್ಮಲ್ಲಿ ಪ್ರದರ್ಶಿಸದವರಿಗೆ ಮೊದಲ ಆದ್ಯತೆ. ಒಮ್ಮೆ ಏಕವ್ಯಕ್ತಿ ಪ್ರದರ್ಶನ ಮಾಡಿದವರು ಎರಡು ವರ್ಷಗಳ ನಂತರ ಮತ್ತೆ ಅರ್ಜಿ ಹಾಕಬಹುದು. ಆಯ್ಕೆಯಾಗದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸುತ್ತೇವೆ, ಏಕೆಂದರೆ ಕಾರಣ ತಿಳಿಸದೆ ಅರ್ಜಿ ತಿರಸ್ಕರಿಸಿದರೆ ಕಲಾವಿದರು ಮತ್ತೆ ಇತ್ತ ತಲೆಹಾಕುವುದಿಲ್ಲ.

ಅರ್ಜಿಯ ಜೊತೆ ಏನು ಕಳುಹಿಸಬೇಕು?

ಎಂಟರಿಂದ ಹನ್ನೆರಡು ಕೃತಿಗಳ ಫೋಟೊ ಮತ್ತು ನಿಮ್ಮ ಕೆಲಸದ ಬಗ್ಗೆ ಒಂದು ಪುಟದ ಟಿಪ್ಪಣಿ ಸಾಕು. ಮೊಬೈಲಿನಲ್ಲಿ ತೆಗೆದ ಫೋಟೊ ಆಗುತ್ತದೆ. ಕೃತಿಯನ್ನು ಹಗಲಿನಲ್ಲಿ ನೆರಳಿರುವ ಪಡಸಾಲೆಯಲ್ಲಿ ನಿಲ್ಲಿಸಿ, ಫ್ಲ್ಯಾಶ್ ಬಳಸದೆ, ನೇರ ಎದುರಿನಿಂದ ತೆಗೆಯಿರಿ. ಬಣ್ಣ ಹೆಚ್ಚಿಸುವ ಫಿಲ್ಟರ್ ಹಾಕಬೇಡಿ. ಪ್ರತಿ ಕೃತಿಗೂ ಶೀರ್ಷಿಕೆ, ಮಾಧ್ಯಮ, ಎತ್ತರ ಮತ್ತು ಅಗಲ ಸೆಂಟಿಮೀಟರ್‌ಗಳಲ್ಲಿ, ರಚಿಸಿದ ವರ್ಷ ಬರೆಯಿರಿ. ಬರೆದು ರೂಢಿಯಿಲ್ಲದವರು ಗ್ಯಾಲರಿಗೆ ಬಂದು ಬಾಯಿಮಾತಿನಲ್ಲಿ ಹೇಳಿದರೆ ನಮ್ಮ ಸ್ವಯಂಸೇವಕರು ಬರೆದುಕೊಳ್ಳುತ್ತಾರೆ.

ಅಂತರ್ಜಾಲದಲ್ಲಿ ಸಿಕ್ಕ ಫೋಟೊ ನೋಡಿ ಬರೆದ ಚಿತ್ರವನ್ನು ಕೊಡಬಹುದೇ?

ಅಭ್ಯಾಸಕ್ಕಾಗಿ ನಕಲು ಮಾಡುವುದು ತಪ್ಪಲ್ಲ. ಕೈ ಪಳಗುವುದೇ ಹಾಗೆ. ಆದರೆ ಬೇರೆಯವರು ತೆಗೆದ ಫೋಟೊವನ್ನು ಇದ್ದಂತೆ ಬಣ್ಣಕ್ಕಿಳಿಸಿ ನಿಮ್ಮ ಸ್ವಂತ ಕೃತಿಯೆಂದು ಪ್ರದರ್ಶಿಸುವಂತಿಲ್ಲ. ಫೋಟೊಗೂ ಹಕ್ಕುಸ್ವಾಮ್ಯವಿದೆ. ಅದಕ್ಕಿಂತ ಮುಖ್ಯವಾಗಿ, ಯಾವುದೋ ದೇಶದ ಹಿಮದ ಬೆಟ್ಟವನ್ನು ಬರೆದ ಕೈ ಬನಶಂಕರಿಯ ಹೊಂಡದ ಕಲ್ಲುಕಂಬಗಳ ನೆರಳನ್ನೋ ಘಟಪ್ರಭೆಯ ದಂಡೆಯನ್ನೋ ಎದುರಿಗೆ ಕೂತು ಬರೆದರೆ ಹೇಗಿರುತ್ತದೆ ಎಂಬುದನ್ನು ನೋಡುವ ಹಂಬಲ ನಮಗಿದೆ. ನೀವೇ ತೆಗೆದ ಫೋಟೊ ನೋಡಿ ಬರೆದ ಚಿತ್ರಕ್ಕೆ ಯಾವ ಅಡ್ಡಿಯೂ ಇಲ್ಲ.

ಕೃತಿಗಳನ್ನು ಹೇಗೆ ಸಿದ್ಧಪಡಿಸಿ ತರಬೇಕು? ಫ್ರೇಮ್ ಕಡ್ಡಾಯವೇ?

ಕಾಗದದ ಮೇಲಿನ ಕೃತಿಗಳಿಗೆ ಕಡ್ಡಾಯ, ಕ್ಯಾನ್ವಾಸಿಗೆ ಅಲ್ಲ. ಕಾಗದದ ಚಿತ್ರಕ್ಕೂ ಗಾಜಿಗೂ ನಡುವೆ ಮೌಂಟ್, ಅಂದರೆ ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟಿನ ಅಂಚು, ಇರಲೇಬೇಕು. ಗಾಜಿಗೆ ಕಾಗದ ತಾಗಿಕೊಂಡಿದ್ದರೆ ತೇವದ ದಿನಗಳಲ್ಲಿ ಎರಡೂ ಅಂಟಿಕೊಂಡು, ಬಿಡಿಸುವಾಗ ಬಣ್ಣ ಕಿತ್ತುಬರುತ್ತದೆ. ಮೌಂಟ್ ಬೋರ್ಡ್ ಆಮ್ಲರಹಿತವಾಗಿರಲಿ. ಅಗ್ಗದ ರಟ್ಟಿನಲ್ಲಿರುವ ಆಮ್ಲವು ಕೆಲವು ವರ್ಷಗಳಲ್ಲಿ ಕಾಗದದ ಅಂಚನ್ನು ಕಂದು ಮಾಡುತ್ತದೆ. ಚಿತ್ರವನ್ನು ಹಿಂದಿನಿಂದ ಸೆಲ್ಲೊ ಟೇಪಿನಿಂದ ಅಂಟಿಸಬೇಡಿ. ಆ ಕಲೆ ಹೋಗುವುದಿಲ್ಲ.

ಫ್ರೇಮಿನ ಹಿಂಬದಿಯಲ್ಲಿ ಎರಡೂ ಕಡೆ, ಮೇಲಿನಿಂದ ಮೂರನೇ ಒಂದು ಭಾಗದಷ್ಟು ಕೆಳಗೆ ಗಟ್ಟಿಯಾದ ಬಳೆ ಹಾಕಿ, ಅವುಗಳ ನಡುವೆ ತಂತಿ ಬಿಗಿದಿರಬೇಕು. ಸುತಳಿ ಅಥವಾ ದಾರ ಕಟ್ಟಿದ ಫ್ರೇಮನ್ನು ತೂಗುಹಾಕಲು ಸುರಕ್ಷತೆಯ ದೃಷ್ಟಿಯಿಂದ ನಮಗೆ ಸಾಧ್ಯವಿಲ್ಲ. ಫ್ರೇಮಿನ ಖರ್ಚು ಭರಿಸಲಾಗದವರು ಅರ್ಜಿಯಲ್ಲೇ ತಿಳಿಸಲಿ. ಸಾಮಾನ್ಯ ಅಳತೆಯ ಕೆಲವು ಫ್ರೇಮ್‌ಗಳನ್ನು ಪ್ರದರ್ಶನದ ಅವಧಿಗೆ ಎರವಲು ಕೊಡುತ್ತೇವೆ.

ಹೋದ ವಾರ ಮುಗಿಸಿದ ತೈಲವರ್ಣ ಚಿತ್ರವನ್ನು ತರಬಹುದೇ?

ತರಬೇಡಿ. ಅಕ್ರಿಲಿಕ್ ಬಣ್ಣ ನೀರು ಆರಿದಂತೆ ಗಂಟೆಗಳಲ್ಲಿ ಒಣಗುತ್ತದೆ, ತೈಲವರ್ಣ ಹಾಗಲ್ಲ. ಅದರಲ್ಲಿರುವ ಅಗಸೆ ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಅಂಟದ ಸ್ಥಿತಿಗೆ ಬರಲು ಕೆಲವು ದಿನಗಳಿಂದ ವಾರಗಳೇ ಬೇಕು, ಒಳಗಿನವರೆಗೆ ಒಣಗಲು ಆರು ತಿಂಗಳಿಂದ ಒಂದು ವರ್ಷ. ಅಷ್ಟರೊಳಗೆ ವಾರ್ನಿಶ್ ಹಚ್ಚುವುದೂ ಸರಿಯಲ್ಲ. ಹಸಿ ಬಣ್ಣದ ಮೇಲೆ ಗುಳ್ಳೆಗಳ ಪ್ಲಾಸ್ಟಿಕ್ ಹಾಳೆ ಸುತ್ತಿ ಬಸ್ಸಿನಲ್ಲಿ ತಂದರೆ ಗುಳ್ಳೆಗಳ ಅಚ್ಚು ಚಿತ್ರದ ಆಕಾಶದ ತುಂಬ ಮೂಡಿರುತ್ತದೆ. ಅದನ್ನು ತಿದ್ದಲು ಚಿತ್ರವನ್ನೇ ಮತ್ತೆ ಬರೆಯಬೇಕಾಗುತ್ತದೆ.

ನನ್ನ ಚಿತ್ರವನ್ನು ಕಿಟಕಿಯ ಪಕ್ಕ, ಚೆನ್ನಾಗಿ ಬೆಳಕಿರುವ ಕಡೆ ಹಾಕಬಹುದೇ?

ತೈಲ ಮತ್ತು ಅಕ್ರಿಲಿಕ್ ಚಿತ್ರಗಳು 200 ಲಕ್ಸ್‌ವರೆಗಿನ ಬೆಳಕನ್ನು ತಾಳಬಲ್ಲವು, ಅವಕ್ಕೆ ಹೆಚ್ಚು ಬೆಳಕಿನ ಗೋಡೆ ಕೊಡುತ್ತೇವೆ. ನೇರ ಬಿಸಿಲು ಬೀಳುವ ಜಾಗದಲ್ಲಿ ಏನನ್ನೂ ಹಾಕುವುದಿಲ್ಲ. ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿ ಬರುವಂತೆ ತೂಗುಹಾಕುವುದು ನಮ್ಮ ರೂಢಿ. ಜೋಡಣೆಯ ದಿನ ಕಲಾವಿದರು ಜೊತೆಗಿರಬೇಕು. ಯಾವ ಚಿತ್ರದ ಪಕ್ಕ ಯಾವುದು ಎಂಬುದನ್ನು ಇಬ್ಬರೂ ಕೂಡಿ ತೀರ್ಮಾನಿಸುತ್ತೇವೆ.

ಬೆಲೆಯನ್ನು ಯಾರು ನಿಗದಿ ಮಾಡುತ್ತಾರೆ? ಗ್ಯಾಲರಿ ಎಷ್ಟು ಪಾಲು ತೆಗೆದುಕೊಳ್ಳುತ್ತದೆ?

ಬೆಲೆ ಹೇಳುವವರು ಕಲಾವಿದರೇ. ಮಾರಾಟವಾದ ಕೃತಿಯ ಬೆಲೆಯಲ್ಲಿ ನೂರಕ್ಕೆ ಹತ್ತರಷ್ಟನ್ನು ಗ್ಯಾಲರಿಯ ದೀಪ, ಸುಣ್ಣಬಣ್ಣ ಮತ್ತು ಎರವಲು ಫ್ರೇಮ್‌ಗಳ ಖರ್ಚಿಗೆ ಇಟ್ಟುಕೊಳ್ಳುತ್ತೇವೆ. ಗೋಡೆಗೆ ಬಾಡಿಗೆ ಇಲ್ಲ. ಮೊದಲ ಸಲ ಮಾರುವವರು ಸಾಮಾನ್ಯವಾಗಿ ಸಾಮಗ್ರಿಯ ಖರ್ಚಿಗಿಂತ ತುಸು ಹೆಚ್ಚು ಬರೆದು ಸುಮ್ಮನಾಗುತ್ತಾರೆ. ತಮ್ಮ ದುಡಿಮೆಯ ದಿನಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕ್ಯಾನ್ವಾಸ್, ಬಣ್ಣ, ಫ್ರೇಮಿನ ಖರ್ಚು ಒಂದು ಕಡೆ ಬರೆದು, ಕೆಲಸ ಮಾಡಿದ ದಿನಗಳಿಗೆ ಕನಿಷ್ಠ ಕುಶಲಕರ್ಮಿಯೊಬ್ಬರ ದಿನಗೂಲಿ ಸೇರಿಸಿ ನೋಡಿ ಎಂಬುದು ನಮ್ಮ ಸಲಹೆ. ಪ್ರದರ್ಶನ ಆರಂಭವಾದ ಮೇಲೆ ಬೆಲೆ ಬದಲಿಸುವಂತಿಲ್ಲ, ಮತ್ತು ಗ್ಯಾಲರಿಯಲ್ಲಿ ಹೇಳಿದ ಬೆಲೆಗಿಂತ ಕಡಿಮೆಗೆ ಮನೆಯಲ್ಲಿ ಮಾರಬಾರದು. ಮಾರಾಟವಾದ ಕೃತಿಯ ಪಕ್ಕ ಕೆಂಪು ಚುಕ್ಕೆ ಅಂಟಿಸುತ್ತೇವೆ. ಪ್ರದರ್ಶನ ಮುಗಿಯುವವರೆಗೆ ಅದು ಗೋಡೆಯ ಮೇಲೆಯೇ ಇರುತ್ತದೆ.

ಚಿತ್ರ ಕೊಂಡವರು ಅದನ್ನು ಕ್ಯಾಲೆಂಡರಿಗೋ ಮದುವೆ ಕಾರ್ಡಿಗೋ ಅಚ್ಚು ಹಾಕಿಸಬಹುದೇ?

ಕಲಾವಿದರ ಲಿಖಿತ ಒಪ್ಪಿಗೆಯಿಲ್ಲದೆ ಸಾಧ್ಯವಿಲ್ಲ. ಕೊಂಡವರಿಗೆ ಸಿಗುವುದು ಆ ಕ್ಯಾನ್ವಾಸಿನ ಒಡೆತನ. ಅದರ ಪ್ರತಿ ಮಾಡುವ ಹಕ್ಕು ಕಲಾವಿದರ ಬಳಿಯೇ ಉಳಿಯುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಈ ಹಕ್ಕು ಕಲಾವಿದರ ಜೀವಿತಾವಧಿಗೂ ಅವರ ಮರಣಾನಂತರ 60 ವರ್ಷಗಳಿಗೂ ಅನ್ವಯಿಸುತ್ತದೆ. ಹಕ್ಕನ್ನು ವರ್ಗಾಯಿಸುವುದಾದರೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಕಾಯ್ದೆಯು ಅದನ್ನು ಐದು ವರ್ಷ ಎಂದು ಪರಿಗಣಿಸುತ್ತದೆ. ಹಕ್ಕು ವರ್ಗಾಯಿಸಿದ ಮೇಲೂ, ಕೃತಿ ತಮ್ಮದೆಂದು ಹೇಳಿಕೊಳ್ಳುವ ಮತ್ತು ತಮ್ಮ ಹೆಸರಿಗೆ ಕುಂದು ತರುವಂತೆ ಅದನ್ನು ವಿರೂಪಗೊಳಿಸುವುದನ್ನು ಪ್ರಶ್ನಿಸುವ ಅಧಿಕಾರ 57ನೇ ಸೆಕ್ಷನ್ನಿನ ಪ್ರಕಾರ ಕಲಾವಿದರಿಗಿದೆ.

ಇಲ್ಲಿ ಒಂದು ವಿಷಯದಲ್ಲಿ ಎಚ್ಚರ ಬೇಕು. ಯಾರಾದರೂ ಹಣ ಕೊಟ್ಟು ತಮ್ಮ ಹಿರಿಯರ ಭಾವಚಿತ್ರವನ್ನೋ ಬೇರೆ ಚಿತ್ರವನ್ನೋ ಬರೆಸಿಕೊಂಡರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ ಹಕ್ಕುಸ್ವಾಮ್ಯದ ಮೊದಲ ಒಡೆಯರು ಬರೆಸಿಕೊಂಡವರೇ ಆಗುತ್ತಾರೆ. ಭಾವಚಿತ್ರದ ಕೆಲಸ ನಮ್ಮ ಕಡೆಯ ಬಹಳಷ್ಟು ಕಲಾವಿದರ ಜೀವನಾಧಾರ. ಮುಂಗಡ ಹಣ ತೆಗೆದುಕೊಳ್ಳುವಾಗಲೇ, ಪ್ರತಿ ಮಾಡುವ ಹಕ್ಕು ಯಾರದೆಂದು ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕುವುದು ಒಳ್ಳೆಯದು.

ಕಾಯ್ದೆಯ 53ಎ ಸೆಕ್ಷನ್ನು ಇನ್ನೊಂದು ಹಕ್ಕನ್ನು ಕೊಡುತ್ತದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ಮೂಲ ಚಿತ್ರ, ರೇಖಾಚಿತ್ರ ಅಥವಾ ಶಿಲ್ಪವು 10,000 ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ, ಹಕ್ಕುಸ್ವಾಮ್ಯದ ಮೊದಲ ಒಡೆಯರಾಗಿದ್ದ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಆ ಬೆಲೆಯಲ್ಲಿ ಪಾಲು ಕೇಳುವ ಹಕ್ಕಿದೆ. ಆ ಪಾಲು ನೂರಕ್ಕೆ ಹತ್ತನ್ನು ಮೀರುವಂತಿಲ್ಲ. ಇದಕ್ಕೆ ದಾಖಲೆ ಬೇಕು. ಆದ್ದರಿಂದ ನಾವು ಕೊಡುವ ರಸೀದಿಯಲ್ಲಿ ಕೃತಿಯ ಫೋಟೊ, ಅಳತೆ, ವರ್ಷ, ಬೆಲೆ ಎಲ್ಲವೂ ಇರುತ್ತವೆ. ಅದನ್ನು ಮನೆಯ ಪತ್ರಗಳ ಜೊತೆ ಜೋಪಾನವಾಗಿಡಿ.

ವರ್ಷದ ಯಾವ ತಿಂಗಳು ಒಳ್ಳೆಯದು?

ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯ ಹೊತ್ತಿಗೆ ನಾಟಕ ಕಂಪನಿಗಳು ಬೀಡುಬಿಟ್ಟಿರುತ್ತವೆ, ಪರದೆ ಬರೆಯುವವರಿಗೆ ಬಿಡುವಿರುವುದಿಲ್ಲ. ಅವರ ಸರದಿಯನ್ನು ಮಳೆಗಾಲಕ್ಕೆ ಇಟ್ಟಿದ್ದೇವೆ. ಹೋಳಿ ಹುಣ್ಣಿಮೆಯ ವಾರ ಗ್ಯಾಲರಿ ಮುಚ್ಚಿರುತ್ತದೆ. ಬಂಡಿಗಳ ಮೇಲೆ ಪಿಪಾಯಿ ತುಂಬ ಬಣ್ಣ ಹೇರಿಕೊಂಡು ಓಣಿ ಓಣಿ ಸುತ್ತುವ ಬಾಗಲಕೋಟೆಯ ಹೋಳಿ ನಮ್ಮೆಲ್ಲರ ಹೆಮ್ಮೆ, ಆದರೆ ಆ ದಿನಗಳಲ್ಲಿ ಕೃತಿಗಳನ್ನು ಸಾಗಿಸುವುದು ಅಪಾಯ. ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲಿನಲ್ಲಿ ಹಗಲು ನೋಡುಗರು ಕಡಿಮೆ, ಸಂಜೆ ಹೆಚ್ಚು. ಆಗ ಸಮಯವನ್ನು ಮುಂದಕ್ಕೆ ಸರಿಸುತ್ತೇವೆ.

ನೋಡುಗರು ಫೋಟೊ ತೆಗೆಯಬಹುದೇ? ಮಕ್ಕಳನ್ನು ಕರೆತರಬಹುದೇ?

ಕಲಾವಿದರು ಒಪ್ಪಿದ ಕೃತಿಗಳ ಫೋಟೊವನ್ನು ಫ್ಲ್ಯಾಶ್ ಇಲ್ಲದೆ ತೆಗೆಯಬಹುದು. ಹಂಚಿಕೊಳ್ಳುವಾಗ ಕಲಾವಿದರ ಹೆಸರು ಬರೆಯಿರಿ. ಪ್ರವೇಶ ಉಚಿತ. ಮಕ್ಕಳು ಬರಲೇಬೇಕು. ಶಾಲೆಗಳು ಮುಂಚಿತವಾಗಿ ತಿಳಿಸಿದರೆ ಕಲಾವಿದರೇ ಬಂದು ಮಾತನಾಡುತ್ತಾರೆ.

ಹಿರಿಯರನ್ನೂ ಕರೆತನ್ನಿ ಎಂದು ವಿಶೇಷವಾಗಿ ಕೋರುತ್ತೇವೆ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಡೆಯಾದ ಹಳೆಯ ಬಾಗಲಕೋಟೆಯ ಓಣಿಗಳನ್ನು ನೆನಪಿನಿಂದ ಬರೆಯುವ ಕಲಾವಿದರಿಗೆ ಆ ಓಣಿಗಳಲ್ಲಿ ಬದುಕಿದವರ ಮಾತಿಗಿಂತ ದೊಡ್ಡ ಸಹಾಯವಿಲ್ಲ. ಕಟ್ಟೆ ಯಾವ ಬದಿಗಿತ್ತು, ಬಾಗಿಲಿನ ಬಣ್ಣ ಯಾವುದಿತ್ತು ಎಂದು ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಲು ಪ್ರತಿ ಪ್ರದರ್ಶನದಲ್ಲೂ ಒಂದು ವಹಿ ಇಟ್ಟಿರುತ್ತೇವೆ.

ಕೃತಿಗೆ ಹಾನಿಯಾದರೆ ಯಾರು ಹೊಣೆ?

ಒಪ್ಪಿಸಿಕೊಂಡ ದಿನ ಕೃತಿಯ ಸ್ಥಿತಿಯನ್ನು ಇಬ್ಬರೂ ಕೂಡಿ ಪರಿಶೀಲಿಸಿ, ಇರುವ ಬಿರುಕು, ಕಲೆ, ಮುಕ್ಕುಗಳನ್ನು ಬರೆದು ಸಹಿ ಮಾಡುತ್ತೇವೆ. ಅಲ್ಲಿಂದ ಮರಳಿಸುವವರೆಗೆ ಗ್ಯಾಲರಿಯೇ ಹೊಣೆ. ಮನೆಯಿಂದ ಗ್ಯಾಲರಿಯವರೆಗಿನ ಸಾಗಣೆ ಕಲಾವಿದರದು.

ಪ್ರದರ್ಶನ ಮುಗಿದ ಮೇಲೆ ಕೃತಿಗಳನ್ನು ಯಾವಾಗ ಒಯ್ಯಬೇಕು?

ಕೊನೆಯ ಭಾನುವಾರ ಸಂಜೆ ಗ್ಯಾಲರಿ ಮುಚ್ಚಿದ ಕೂಡಲೇ ಇಳಿಸುವ ಕೆಲಸ ಶುರುವಾಗುತ್ತದೆ. ಸೋಮವಾರ ಮೊಳೆಯ ತೂತುಗಳಿಗೆ ಪುಟ್ಟಿ ತುಂಬಿ ಸುಣ್ಣಬಣ್ಣ ಹಚ್ಚುತ್ತೇವೆ, ಮಂಗಳವಾರ ಮುಂದಿನ ಕಲಾವಿದರ ಕೃತಿಗಳು ಬರುತ್ತವೆ. ಆದ್ದರಿಂದ ಮಾರಾಟವಾಗದ ಕೃತಿಗಳನ್ನು ಸೋಮವಾರ ಮಧ್ಯಾಹ್ನದೊಳಗೆ ಒಯ್ಯಬೇಕು. ದೂರದ ಮುಧೋಳ, ಜಮಖಂಡಿ, ಇಳಕಲ್ ಕಡೆಯವರಿಗೆ ಬುಧವಾರದವರೆಗೆ ಕಾಲಾವಕಾಶವಿದೆ. ಬರುವಾಗ ಒಪ್ಪಿಸಿದ ದಿನ ಕೊಟ್ಟ ಪತ್ರವನ್ನು ತನ್ನಿ. ಸ್ಥಿತಿಯನ್ನು ಮತ್ತೊಮ್ಮೆ ಕೂಡಿ ನೋಡಿ, ಅದರ ಹಿಂಬದಿಯಲ್ಲಿ ಸಹಿ ಪಡೆದ ನಂತರವೇ ಕೃತಿಗಳನ್ನು ಮರಳಿಸುತ್ತೇವೆ.